ಅರಳಿಯ ನಂಬರು, ಬೇವಿನ ನಂಬರು

೩ ಫೆಬ್ರವರಿ ೨೦೨೫, ಸೋಮವಾರ

ಕರೆಂಟಾಫೀಸಿನಿಂದ ನಿವೃತ್ತಿಯಾದ ದಿನ ಸ್ಟೋರಿನವರು ಕೊಟ್ಟ ಲಾಗ್ ಬುಕ್ಕು ಎರಡು ವರ್ಷದಿಂದ ಗೂಡಿನಲ್ಲೇ ಬಿದ್ದಿತ್ತು. ಏನು ಬರೆಯಬೇಕಿತ್ತು? ಬೆಳಿಗ್ಗೆ ಎದ್ದೆ, ಟೀ ಕುಡಿದೆ, ಮನೆಯವಳ ಕಾಲಿಗೆ ಅಡ್ಡ ಬಂದೆ ಅಂತಲೇ? ಇವತ್ತು ಬರೆಯುವುದಕ್ಕೆ ಒಂದು ಕಾರಣ ಸಿಕ್ಕಿದೆ.

ನಮ್ಮ ರಾಯದುರ್ಗದಲ್ಲಿ ಪಾರ್ಕು ಮತ್ತು ಮರಗಳ ಸಲಹಾ ಸಮಿತಿ ಅಂತ ಒಂದು ಮಾಡಿದ್ದಾರೆ. ಏಳು ಜನ. ಸಂಬಳವಿಲ್ಲ, ಸಭೆಯ ದಿನ ಟೀ ಮಾತ್ರ. ಏಳರಲ್ಲಿ ನಾನೂ ಒಬ್ಬ. ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್ ಆಗಿ ಈ ಊರಿನ ಪ್ರತಿ ಮರದ ಟೊಂಗೆ ಕಡಿದವನನ್ನು ಮರ ಕಾಯುವುದಕ್ಕೆ ಕೂರಿಸಿದ್ದಾರೆ. ಅಧ್ಯಕ್ಷರು ಚಿಕ್ಕತಿಮ್ಮಯ್ಯ ಮೇಷ್ಟ್ರು. ಮಡಕಶಿರಾ ಕಡೆಯವರು, ವರ್ಗವಾಗಿ ಇಲ್ಲಿಗೆ ಬಂದು ಇಲ್ಲೇ ನಿಂತುಬಿಟ್ಟರು, ಮಾತು ಮಾತ್ರ ಇನ್ನೂ ಆ ಕಡೆಯದೇ. ನನ್ನ ಹೆಸರು ಹಾಕಿಸಿದವರು ಅವರೇ.

"ನೀನು ಎಷ್ಟು ಟೊಂಗೆ ಕಡ್ದಿದ್ದೀಯ ಅಂತ ಊರಿಗೆಲ್ಲ ಗೊತ್ತು ಕಣಪ್ಪ ಸುಂಕಪ್ಪ," ಅಂದರು. "ಮರಕ್ಕೆ ಎಲ್ಲಿ ನೋಯ್ತದೆ ಅನ್ನೋದು ಕಡ್ದೋನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರ್ತದೆ?"

ಮನೆಗೆ ಬಂದು ಹೇಳಿದರೆ ಮನೆಯವಳು ನಕ್ಕಳು. "ಬೆಕ್ಕಿಗೆ ಹಾಲು ಕಾಯಾಕ ಇಟ್ಟಂಗ ಆತು ಬಿಡ್ರಿ," ಅಂದಳು. ನಗಲಿ. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ. ನಾಳೆ ಬೆಳಿಗ್ಗೆ ಎದ್ದರೆ ಹೋಗುವುದಕ್ಕೆ ಒಂದು ಜಾಗವಿದೆ.

೯ ಫೆಬ್ರವರಿ, ಭಾನುವಾರ

ಮರಗಣತಿ ಶುರುವಾಗಿದೆ. ನಮ್ಮ ವಾರ್ಡು ಮತ್ತು ಅಕ್ಕಪಕ್ಕದ ಎರಡು ವಾರ್ಡು ನನ್ನ ಪಾಲಿಗೆ. ಜೊತೆಗೆ ಭವ್ಯಾ ಬರಬೇಕಿತ್ತು. ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಹುಡುಗಿ, ಸಮಿತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಓದಿದವಳು. ಅವಳಿಗೆ ಪರೀಕ್ಷೆಯ ಕೆಲಸ ಬಂತು. ನಮೂನೆ ಕೊಟ್ಟು, "ಎದಿ ಮಟ್ಟಕ್ಕ ಹಗ್ಗ ಸುತ್ತಿ ಅಳೀರಿ ಮಾವ. ಮರದ ಹೆಸರು, ಸುತ್ತಳತೆ, ನಂಬರು. ಇಷ್ಟ ಸಾಕು," ಅಂತ ಹೇಳಿ ಹೋದಳು.

ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿಕೊಂಡೆ. ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಲ್ಲ, ಮನೆಯವಳನ್ನು ಕರೆದುಕೊಂಡು ಹೋದೆ. ಶುಕ್ರವಾರ, ಶನಿವಾರ ಸೇರಿ ಅರವತ್ತಾರು ಆಗಿತ್ತು, ಇವತ್ತು ಒಂದೇ ದಿನ ನಲವತ್ತಾರು ಮರ ಅಳೆದೆ. ಎಲ್ಲದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದೆ. ಮೊಳೆ ಹೊಡೆದು ತಗಡು ಕೂರಿಸೋಣ ಅಂತ ಸಮಿತಿಯಲ್ಲಿ ಯಾರೋ ಅಂದಿದ್ದರು. ನಿಮ್ಮ ಹಣೆಗೆ ಮೊಳೆ ಹೊಡೆದು ಆಧಾರ್ ಕಾರ್ಡು ನೇತುಹಾಕಲೇ ಅಂತ ಕೇಳಿದ ಮೇಲೆ ಸುಮ್ಮನಾದರು.

ಕೊನೆಗೆ ನಮ್ಮ ಓಣಿಯ ಕಟ್ಟೆಗೆ ಬಂದೆವು. ಕಟ್ಟೆಯ ಮೇಲೆ ಅರಳಿ ಮತ್ತು ಬೇವು. ಓಣಿಯವರು ಮೂವತ್ತು ವರ್ಷದ ಹಿಂದೆ ಎರಡಕ್ಕೂ ಮದುವೆ ಮಾಡಿದ್ದಾರೆ. ನಾನು ಆ ದಿನ ಕಣೇಕಲ್ಲಿನಲ್ಲಿ ಕಂಬ ನಿಲ್ಲಿಸುತ್ತಿದ್ದೆ, ಮದುವೆಯ ಊಟವೂ ಸಿಗಲಿಲ್ಲ. ಈಗ ಅರಳಿ ಬೇವನ್ನು ತಬ್ಬಿಕೊಂಡು ಬೆಳೆದಿದೆ. ಎದೆಯ ಮಟ್ಟದಲ್ಲಿ ಎರಡೂ ಅಂಟಿಕೊಂಡಿವೆ, ತಲೆಯ ಮೇಲಕ್ಕೆ ಹೋದರೆ ಬೇರೆಯಾಗಿ ಬೇವು ರಸ್ತೆಯ ಕಡೆಗೆ ವಾಲಿಕೊಂಡಿದೆ. ಅದರ ನೆರಳಲ್ಲಿ ಹನ್ನೆರಡು ಹೆಂಗಸರು ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾರೆ. ಹೊಲಿಗೆಯ ಕಾರ್ಖಾನೆಯಿಂದ ಆಟೋದಲ್ಲಿ ಗಂಟು ಬರುತ್ತದೆ, ಸಂಜೆಗೆ ವಾಪಸು ಹೋಗುತ್ತದೆ. ಮನೆಯವಳೂ ಅವರಲ್ಲೊಬ್ಬಳು.

ಎರಡನ್ನೂ ಸೇರಿಸಿ ಹಗ್ಗ ಸುತ್ತಿದೆ. ಹದಿನೇಳು ಅಡಿ!

"ಎರಡು ಬರೀರಿ," ಅಂದಳು ಮನೆಯವಳು.

"ಗಂಡ ಹೆಂಡತಿ ಆದ ಮ್ಯಾಲೆ ಒಂದ ಮನಿ, ಒಂದ ನಂಬರು. ಎರಡು ರೇಷನ್ ಕಾರ್ಡು ಯಾರು ಕೊಡ್ತಾರ? ನೀನು ಹಗ್ಗ ಗಟ್ಟಿ ಹಿಡಿ."

ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಜೋಡಿ ಒಡೆಯಬಾರದು, ಒಂದೇ ಬರೆಯಿರಿ ಅಂತ ಅವರೂ ಅಂದರು. ಮನೆಯವಳು ಹಗ್ಗ ಬಿಚ್ಚಿ ಸುತ್ತಿಟ್ಟಳು. ನೂರಾ ಹನ್ನೆರಡು ಅಂತ ಅರಳಿಯ ಮೇಲೆ ದೊಡ್ಡದಾಗಿ ಬರೆದೆ. ಜಾತಿ: ಅರಳಿ. ಸುತ್ತಳತೆ: ಹದಿನೇಳು ಅಡಿ. ಉಂಡು ಮಲಗಿದರೆ ಇವತ್ತು ಎಂಥ ನಿದ್ದೆ ಬರುತ್ತದೋ!

೨೦ ಫೆಬ್ರವರಿ, ಗುರುವಾರ

ಪಟ್ಟಿ ಒಪ್ಪಿಸಿದೆ. ಮೂರು ವಾರ್ಡಿಗೆ ಇನ್ನೂರ ಹದಿನಾಲ್ಕು ಮರ. ಊರಿಗೆಲ್ಲ ದಪ್ಪನೆಯ ಮರ ಯಾವುದು ಅಂತ ಮೇಷ್ಟ್ರು ಕೇಳಿದರು. ಬೆಟ್ಟದ ಕೆಳಗಿನ ವಾರ್ಡಿನ ಬಾಲರಾಜು, ಟೀ ಅಂಗಡಿಯವನು, ತಮ್ಮ ಹುಣಸೆ ಹದಿನಾಲ್ಕು ಅಡಿ ಅಂತ ಎದೆಯುಬ್ಬಿಸಿ ನಿಂತಿದ್ದ. ನಾನು ನಿಧಾನವಾಗಿ ಕನ್ನಡಕ ಹಾಕಿಕೊಂಡು, "ನಂಬರ್ ನೂರಾ ಹನ್ನೆರಡು. ಹದಿನೇಳು," ಅಂದೆ. ಚಪ್ಪಾಳೆ ತಟ್ಟಿದರು. ಬಾಲರಾಜುವಿನ ಮುಖ ಅವನ ಅಂಗಡಿಯ ಎರಡನೇ ಸಲ ಕುದಿಸಿದ ಟೀಯ ಹಾಗೆ ಆಯಿತು.

"ಒಂದ ಮರ ತಪ್ಪಿದ್ರೂ ನನ್ನ ಹೆಸರು ಸುಂಕಪ್ಪ ಅಲ್ಲ," ಅಂತಲೂ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು.

೫ ಮಾರ್ಚ್, ಬುಧವಾರ

ಸಭೆ. ನಮ್ಮ ಓಣಿಯಲ್ಲಿ ಹೊಸ ಚರಂಡಿ ಬರುತ್ತದೆ. ಮುನ್ಸಿಪಾಲಿಟಿಯ ಸಹಾಯಕ ಇಂಜಿನಿಯರು, ಏಈ ಕಿರಣ್ ಕುಮಾರ್, ನಕ್ಷೆ ಹಾಸಿ ತೋರಿಸಿದರು. ಬೆಳುಗುಪ್ಪದ ಕಡೆಯ ಹುಡುಗ, ಸಮಾಧಾನದ ಮನುಷ್ಯ, ಎಲ್ಲರನ್ನೂ ಸರ್ ಅನ್ನುತ್ತಾರೆ. ನೂರಾ ಹನ್ನೆರಡನೇ ಮರದ ರಸ್ತೆ ಕಡೆಯ ಟೊಂಗೆ ಅಡ್ಡ ಬರುತ್ತದೆ, ತೆಗೆಯಬಹುದೇ ಅಂತ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

"ಟೊಂಗಿ ತೆಗದ್ರ ಅಷ್ಟು ದೊಡ್ಡ ಮರಕ್ಕ ಏನಾಗ್ತೈತ್ರಿ? ತೆಗೀರಿ," ಅಂದೆ. ಮೊದಲ ಸಹಿ ನನ್ನದೇ.

ಈ ಊರಲ್ಲಿ ಟೊಂಗೆಯ ವಿಷಯಕ್ಕೆ ನನ್ನನ್ನು ಬಿಟ್ಟು ಮುಂದೆ ಹೋಗುವುದಿಲ್ಲ ಅನ್ನುವುದು ಇವತ್ತು ಖಾತ್ರಿಯಾಯಿತು.

೧೧ ಮಾರ್ಚ್, ಮಂಗಳವಾರ

ಇವತ್ತಿನದನ್ನು ಬಿಡದೆ ಬರೆಯುತ್ತೇನೆ.

ಸಂಜೆ ನಾಲ್ಕಕ್ಕೆ ಕಟ್ಟೆಯ ಹತ್ತಿರ ಹೋದೆ. ಚರಂಡಿ ಕೆಲಸದ ಮೇಸ್ತ್ರಿ ರಾಮಾಂಜಿನೇಯ ಸುಣ್ಣದ ಪುಡಿ ಹಿಡಿದು ಗುರುತು ಹಾಕುತ್ತಿದ್ದ. ಬೇವಿನ ಕಾಂಡದ ಸುತ್ತ, ಕಟ್ಟೆಯಿಂದ ಎರಡು ಗೇಣು ಮೇಲೆ, ಬಿಳಿಯ ಪಟ್ಟಿ ಎಳೆದಿದ್ದ. ಹೆಂಗಸರು ಪ್ಯಾಂಟು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತಿದ್ದರು.

"ಇದೇನಪ್ಪ, ಇಲ್ಲ್ಯಾಕ ಗುರುತು?" ಅಂದೆ.

"ಇಲ್ಲೇ ಕೊಯ್ಯಾದು ಲೈನ್‌ಮ್ಯಾನಣ್ಣ. ಸೋಮವಾರ ಮಿಷನ್ ಬರ್ತೈತಿ."

"ಬೇವಿನ ಮರಾನ ಕೊಯ್ತೀಯೇನು?"

"ಬೇವಿನ ಮರ ಎಲ್ಲೈತ್ರಿ?" ಅಂತ ಫೋನು ತೆಗೆದು ತೋರಿಸಿದ. "ಪಟ್ಟಿ ನೋಡ್ರಿ. ನೂರಾ ಹನ್ನೆರಡು, ಅರಳಿ, ಒಂದು ಮರ. ರಸ್ತೆ ಕಡಿ ಟೊಂಗಿ ತೆಗೀಬೇಕಂತ ಬರದಾರ. ರಸ್ತೆ ಕಡಿ ಇರಾದು ಇದೊಂದ. ಕೆಳಗ ಮೊದಲ್ನೇ ಸಂತಕ ನಿಮ್ದೇ ಐತಲ್ಲ?"

ನನ್ನದೇ ಸಹಿ. ಕೆಳಗೆ ಎರಡು ಗೆರೆ ಎಳೆಯುವ ಚಟ ಬೇರೆ ನನಗೆ.

ಅವನನ್ನು ಬೈಯುವ ಹಾಗಿಲ್ಲ. ಕಾಗದದಲ್ಲಿ ಇದ್ದದ್ದನ್ನು ಅವನು ಮಾಡುತ್ತಿದ್ದಾನೆ. ಕಾಗದದ ಪ್ರಕಾರ ನಮ್ಮ ಕಟ್ಟೆಯ ಮೇಲೆ ಬೇವು ಅನ್ನುವುದೇ ಇಲ್ಲ, ಇರುವುದು ಅರಳಿಯ ಒಂದು ಕೊಂಬೆ. ಮರ ಕಡಿಯಬೇಕಾದರೆ ಹತ್ತು ಕಡೆ ಅಪ್ಪಣೆ ಬೇಕು, ಟೊಂಗೆ ಕಡಿಯಲು ಸಮಿತಿಯ ಸಹಿ ಸಾಕು. ಅದನ್ನು ನಾನೇ ಹಾಕಿ ಕೊಟ್ಟಿದ್ದೇನೆ.

"ಸ್ವಲ್ಪ ತಡಿ ತಮ್ಮ," ಅಂದೆ.

"ಏಈ ಸಾರು ಟ್ರೈನಿಂಗಂತ ಅನಂತಪುರಕ್ಕ ಹೋಗ್ಯಾರ. ಶನಿವಾರ ಬರ್ತಾರ. ಅವರ ಕೈಲಿ ಕಾಗದ ತಂದ್ರ ನಂದೇನೂ ತಕರಾರಿಲ್ಲಣ್ಣ."

ಮನೆಯವಳು ತಲೆಯೆತ್ತಿ ನನ್ನನ್ನು ನೋಡಿದಳು. "ಅವತ್ತೇ ಹೇಳಿದ್ದೆ" ಅಂತ ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದಳು. ಅಂದಿದ್ದರೆ ವಾಸಿಯಿತ್ತು.

೧೨ ಮಾರ್ಚ್, ಬುಧವಾರ

ಮೇಷ್ಟ್ರ ಮನೆಗೆ ಎರಡು ಸಲ ಹೋದೆ. ಮೊದಲ ಸಲ ಬಾಗಿಲ ಹತ್ತಿರ ಹೋಗಿ ವಾಪಸು ಬಂದೆ. ಎರಡನೇ ಸಲ ಒಳಗೆ ಹೋಗಿ, ಟೀ ಕುಡಿದು, ಅವರ ಮಂಡಿ ನೋವಿನ ಬಗ್ಗೆ ಮಾತಾಡಿ ಬಂದೆ. "ಏನೋ ಹೇಳೋಕೆ ಬಂದಂಗೈತಲ್ಲಪ್ಪ," ಅಂದರು. ಏನಿಲ್ಲ ಅಂದೆ.

ತಪ್ಪನ್ನು ಯಾರ ಮೇಲೆ ಹಾಕಬಹುದು ಅಂತ ದಿನವೆಲ್ಲ ಲೆಕ್ಕ ಹಾಕಿದೆ. ಭವ್ಯಾ ಜೊತೆಗೆ ಬರಲಿಲ್ಲ ಅನ್ನಬಹುದು. ನಮೂನೆಯಲ್ಲಿ ಜೋಡಿ ಮರಕ್ಕೆ ಜಾಗವಿಲ್ಲ ಅನ್ನಬಹುದು. ಹಗ್ಗ ಹಿಡಿದವಳು ಸರಿಯಾಗಿ ಹಿಡಿಯಲಿಲ್ಲ ಅಂತಲೂ ಒಂದು ಕ್ಷಣ ಅನ್ನಿಸಿತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತಿದೆ. ಎರಡು ಬರೆಯಿರಿ ಅಂದವಳೇ ಅವಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ದಾರಿಯಲ್ಲಿ ಯಾರಾದರೂ "ಏನ್ರಿ ಸುಂಕಪ್ಪ, ಮರ ಹೆಂಗದಾವ?" ಅಂದರೂ ಉರಿಯುತ್ತದೆ.

೧೩ ಮಾರ್ಚ್, ಗುರುವಾರ

ಬೆಳಿಗ್ಗೆ ಏಳಕ್ಕೆ ಗರಗಸದ ಮಿಷನ್ನಿನ ಸದ್ದು! ಲುಂಗಿ ಎತ್ತಿಕೊಂಡು ಓಡಿದೆ. ಚಪ್ಪಲಿಯಿಲ್ಲ, ಹಲ್ಲುಜ್ಜುವ ಬ್ರಶ್ಶು ಬಾಯಲ್ಲೇ. ಹೋಗಿ ನೋಡಿದರೆ ಮೂಲೆಯ ಬಡಗಿ ಯಾವುದೋ ಬಾಗಿಲ ಚೌಕಟ್ಟು ಕೊಯ್ಯುತ್ತಿದ್ದಾನೆ. ಬೇವು ನಿಂತಲ್ಲೇ ನಿಂತಿದೆ. ಕಾಂಡಕ್ಕೆ ಒರಗಿ ಬ್ರಶ್ಶು ಉಗಿದು ನಕ್ಕುಬಿಟ್ಟೆ. ಅಷ್ಟು ಸಮಾಧಾನ ಯಾವ ತೀರ್ಥಕ್ಕೆ ಹೋದರೂ ಸಿಗಲಿಕ್ಕಿಲ್ಲ.

ಹೆಂಗಸರು ಆಗಲೇ ಬಂದು ಕೂತಿದ್ದರು. ಯಾವತ್ತೂ ಹತ್ತಕ್ಕೆ ಬರುವವರು. ಈ ವಾರ ಗಂಟು ಜಾಸ್ತಿ ಬಂದಿರಬೇಕು.

ಅರಳಿಯ ಎಲೆಯೆಲ್ಲ ಉದುರಿ ಬೋಳಾಗಿದೆ. ಈ ತಿಂಗಳು ಅಲ್ಲಿ ನೆರಳು ಅಂತ ಇದ್ದರೆ ಅದು ಬೇವಿನದೇ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ, ಇದನ್ನು ಇವತ್ತೇ ನೋಡಿದ್ದು.

೧೪ ಮಾರ್ಚ್, ಶುಕ್ರವಾರ

ನಾಳೆ ಸಭೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮುದ್ದೆ ಬದಿಗೆ ಸರಿಸಿ ಮನೆಯವಳ ಕಡೆ ತಿರುಗಿದೆ. ಹೇಳಿಬಿಟ್ಟೆ. ಒಂದೇ ಅಂತ ಬರೆದದ್ದು ನಾನು, ಟೊಂಗೆ ತೆಗೆಯಿರಿ ಅಂತ ಸಹಿ ಹಾಕಿದ್ದು ನಾನು, ನಾಳೆ ಎಲ್ಲರೆದುರು ಒಪ್ಪಿಕೊಳ್ಳುವುದಕ್ಕೆ ಬಾಯಿ ಬರುತ್ತಿಲ್ಲ ಅಂತ.

"ಗೊತ್ತು," ಅಂದಳು.

"ಗೊತ್ತಿದ್ದರೂ ಸುಮ್ಮನ ಇದ್ದೀಯಲ್ಲ!"

"ನೀವ ಹೇಳ್ಲಿ ಅಂತ ಕುಂತಿದ್ದೆ. ಸುಮ್ಮನ ಎಲ್ಲಿದ್ದೀನಿ? ಮೂರು ದಿನದಿಂದ ಏಳಕ್ಕ ಎಲ್ಲಾರ್ನೂ ಕರಕಂಡು ಹೋಗಿ ಮರದ ಕೆಳಗ ಕುಂದರಿಸೀನಿ. ಹನ್ನೆರಡು ಮಂದಿ ಕುಂತಿದ್ರ ಯಾವ ಮಿಷನ್ ಬರ್ತೈತ್ರಿ?"

ಗಂಟು ಜಾಸ್ತಿ ಬಂದಿರಬೇಕು ಅಂತ ನಿನ್ನೆ ಬರೆದವನು ನಾನು. ಮೇಲಿನ ಪುಟ ನೋಡಿದರೆ ನಗು ಬರುತ್ತದೆ.

ಊಟ ಮುಗಿದ ಮೇಲೆ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ಇಳಿಸಿ ಅಂದಳು. ಅವರವ್ವ ಬೊಮ್ಮಕ್ಕನ ಪೆಟ್ಟಿಗೆ. ಅತ್ತೆ ತೀರಿಕೊಂಡು ಹತ್ತು ವರ್ಷವಾಯಿತು. ಇದೇ ಓಣಿಯ ಕೆಳಗಿನ ತುದಿಯಲ್ಲಿ ಇದ್ದವರು. ಹಳೆಯ ಸೀರೆಯ ಮಡಿಕೆಯಿಂದ ಒಂದು ಕಾರ್ಡು ತೆಗೆದಳು. ಅರಿಶಿನ ಹಚ್ಚಿದ ಮೂಲೆ, ಗಣೇಶನ ಚಿತ್ರ, ಅಚ್ಚು ಹಾಕಿಸಿದ ಲಗ್ನಪತ್ರಿಕೆ. ವರ: ಚಿರಂಜೀವಿ ಅಶ್ವತ್ಥ, ಮೇಲಿನ ಓಣಿಯವರ ಮಗ. ವಧು: ಚಿರಂಜೀವಿ ಸೌಭಾಗ್ಯವತಿ ನಿಂಬಮ್ಮ, ಬೊಮ್ಮಕ್ಕನವರ ಸಾಕುಮಗಳು. ಮುಹೂರ್ತದ ಗಳಿಗೆಯೂ ಇದೆ, ಊಟದ ಸ್ಥಳವೂ ಇದೆ.

ಆ ಬೇವು ನಮ್ಮ ಅತ್ತೆ ನೆಟ್ಟ ಗಿಡ ಅಂತ ನನಗೆ ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಿದ್ರೇನು?" ಅಂದಳು ಮನೆಯವಳು, ಪಾಲಮ್ಮ.

ನೆಟ್ಟ ದಿನದಿಂದ ಮೂರು ವರ್ಷ ದಿನಕ್ಕೆರಡು ಕೊಡ ನೀರು ಹೊತ್ತದ್ದು ಪಾಲಮ್ಮನೇ ಅಂತೆ. ಆಗ ನಾನು ಊರೂರು ಕಂಬ ಹತ್ತುತ್ತಿದ್ದೆ.

೧೫ ಮಾರ್ಚ್, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಹನ್ನೊಂದಕ್ಕೆ ಸಭೆ. ಪಾಲಮ್ಮ ಜೊತೆಗೆ ಬಂದಳು, ಒಳಗೆ ಬರದೆ ಜಗಲಿಯ ಮೇಲೆ ಕೂತಳು. ಟೀ ಬರುವುದಕ್ಕೂ ಮೊದಲೇ ನಾನು ಎದ್ದು ನಿಂತೆ. ಟೀ ಕುಡಿದರೆ ಧೈರ್ಯ ಇಳಿದುಹೋಗುತ್ತದೆ ಅಂತ ಬುಧವಾರವೇ ಗೊತ್ತಾಗಿತ್ತು.

"ಎಣಿಸೋದ್ರಾಗ ತಪ್ಪಾಗೈತ್ರಿ," ಅಂದೆ. "ನೂರಾ ಹನ್ನೆರಡು ಒಂದು ಮರ ಅಲ್ಲ, ಎರಡು. ಅರಳಿ ಒಂದು, ಬೇವು ಒಂದು. ಟೊಂಗಿ ಅಂತ ಸಹಿ ಹಾಕಿ ಕೊಟ್ಟಿದ್ದು ಇಡೀ ಬೇವಿನ ಮರ. ತಪ್ಪು ಮಾಡಿದಾತ ನಾನು. ಬ್ಯಾರೆ ಯಾರೂ ಅಲ್ಲ."

ಗೋಡೆಯ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಕರೆಂಟು ಹೊಡೆಸಿಕೊಂಡದ್ದು ಎರಡು ಸಲ. ಅವತ್ತೂ ಇಷ್ಟು ಹೆದರಿರಲಿಲ್ಲ.

ಕಿರಣ್ ಕುಮಾರ್ ಪಟ್ಟಿ ತಿರುವಿ ಹಾಕಿ ಕೇಳಿದರು: "ಎರಡನ್ನ ಒಂದಂತ ಯಾಕ ಬರದ್ರಿ ಸರ್?"

"ಮದುವಿ ಆಗ್ಯಾವಲ್ರಿ. ಗಂಡ ಹೆಂಡ್ತಿ ಒಂದ ಅಂತ..."

ಬಾಲರಾಜು ಮೊದಲು ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. ಭವ್ಯಾ ಮಾತ್ರ ನಗಲಿಲ್ಲ. "ನಾನು ಬರಬೇಕಿತ್ತು ಮಾವ," ಅಂದಳು. ಅವಳ ಮೇಲೆ ತಪ್ಪು ಹಾಕಲು ಹೊರಟಿದ್ದೆನಲ್ಲ, ಆ ಮಾತು ಕೇಳಿ ಅವಳ ಮುಖ ನೋಡಲಾಗಲಿಲ್ಲ.

ಮೇಷ್ಟ್ರು ನಗು ನಿಲ್ಲಿಸಿ ನನ್ನ ಕೈಯಲ್ಲಿದ್ದ ಲಗ್ನಪತ್ರಿಕೆ ಇಸಕೊಂಡರು. ಪಾಠ ಓದುವ ಹಾಗೆ ಮೊದಲಿಂದ ಕೊನೆಯವರೆಗೂ ಜೋರಾಗಿ ಓದಿದರು. "ವರ ಬೇರೆ, ವಧು ಬೇರೆ. ಇಬ್ರು ಇಲ್ದೆ ಯಾವ ಲಗ್ನ ಆಯ್ತದಪ್ಪ? ಒಬ್ನೇ ತಾಳಿ ಕಟ್ಕೊಂತಾನಾ?" ಅಂದರು.

"ಸರ್, ಇದು ಚೆಂದ ಐತಿ. ಆದ್ರ ಫೈಲಿಗೆ ಹಾಕಾಕ ಬರಲ್ಲ," ಅಂದರು ಕಿರಣ್ ಕುಮಾರ್. "ಬುಡ ನೋಡಬೇಕು. ಬುಡ ಒಂದಾದ್ರ ನಾನು ಏನೂ ಮಾಡಕ ಆಗಲ್ಲ. ಎರಡಾದ್ರ ತೆಗಿಯಾಕ ನನಗ ಅಧಿಕಾರ ಇಲ್ಲ. ಬರ್ರಿ, ನೋಡಿಬಿಡೋಣ."

ಎಲ್ಲರೂ ನಡೆದುಕೊಂಡು ಕಟ್ಟೆಗೆ ಹೋದೆವು. ಮಂಡಿ ನೋವಿನ ಮೇಷ್ಟ್ರೂ ಬಂದರು. ಹೆಂಗಸರು ಪ್ಯಾಂಟಿನ ಗಂಟು ಸರಿಸಿ ಜಾಗ ಮಾಡಿದರು. ರಾಮಾಂಜಿನೇಯ ಗುದ್ದಲಿ ತಂದ. ಎಲ್ಲಿ ಅಗೆಯಬೇಕು ಅಂತ ನನ್ನನ್ನು ಕೇಳಿದರು. ನನಗೇನು ಗೊತ್ತು? ಮಣ್ಣು ತುಂಬಿ ಕಟ್ಟೆ ಎತ್ತರಿಸಿ ಎಷ್ಟೋ ವರ್ಷವಾಗಿದೆ.

"ನಾನು ತೋರಿಸ್ತೀನಿ, ಕೊಡ್ರಿ ಇಲ್ಲಿ," ಅಂದಳು ಪಾಲಮ್ಮ.

ಸೆರಗು ಸಿಕ್ಕಿಸಿ ಗುದ್ದಲಿ ಹಿಡಿದಳು. ಅಲ್ಲೊಂದು ಇಲ್ಲೊಂದು ಏಟಿಲ್ಲ. ಪೂರ್ವದ ಕಡೆಗೆ ನಿಂತು ಒಂದೇ ಜಾಗದಲ್ಲಿ ಬೇರಿಗೆ ತಾಗದ ಹಾಗೆ ಮೆಲ್ಲಗೆ ಕೆದಕಿದಳು. ಮೊಳದಷ್ಟು ಹೋದ ಮೇಲೆ ಠಣ್ ಅಂತು. ಕೂತು ಕೈಯಿಂದ ಮಣ್ಣು ತೆಗೆದಳು. ಒಂದರ ಪಕ್ಕ ಒಂದು ಸಾಲಾಗಿ ಐದು ಕಲ್ಲು. ಕಲ್ಲಿನ ಆಚೆ ಅರಳಿಯ ಬುಡ, ಈಚೆ ಬೇವಿನ ಬುಡ. ನಡುವೆ ನನ್ನ ಅಂಗೈ ಹಿಡಿಯುವಷ್ಟು ಜಾಗ.

"ಸಣ್ಣ ಗಿಡ, ಅರಳಿ ನುಂಗಿಬಿಡ್ತೈತಿ ಅಂತ ನಮ್ಮವ್ವ ಅಡ್ಡ ಇಟ್ಟಿದ್ದು," ಅಂದಳು. "ಮದುವಿ ಆದ್ರೂ ಬೇರು ಬ್ಯಾರೆ ಇರಬೇಕು ಅಂತಿದ್ಲು."

ಕಿರಣ್ ಕುಮಾರ್ ಮೊಣಕಾಲೂರಿ ಕೂತು ಟಾರ್ಚು ಹಾಕಿ ನೋಡಿದರು. ನಾಲ್ಕು ಫೋಟೋ ತೆಗೆದರು. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು, "ಎರಡು ಮರ," ಅಂದರು. "ಚರಂಡಿ ಮೂರಡಿ ಆ ಕಡಿ ತಿರುಗಿಸೋಣ. ಕಟ್ಟಿ ದಾಟಿ ಮತ್ತ ಲೈನಿಗೆ ಬರ್ತೈತಿ. ಸುಂಕಪ್ಪ ಸರ್, ತಿದ್ದುಪಡಿ ಬರದು ಕೊಡ್ರಿ. ಇವತ್ತೇ ಸಹಿ ಮಾಡ್ತೀನಿ. ಒಳ್ಳೇದಾತು ಹೇಳಿದ್ದು. ಅಷ್ಟು ದಪ್ಪ ಟೊಂಗಿ ಹೆಂಗ ಅಂತ ನನಗೂ ಅನುಮಾನ ಇತ್ತು."

ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ. ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಹೋಯಿತು. ಹೆಂಗಸರಲ್ಲಿ ಒಬ್ಬಳು ನನ್ನ ಕೈಗೆ ನೀರಿನ ಚೊಂಬು ಕೊಟ್ಟಳು.

ಮತ್ತೆ ಅಳೆದೆವು, ಭವ್ಯಾಳ ಎದುರಲ್ಲೇ, ಎರಡೂ ಬೇರೆಯಾಗುವ ಮೇಲಿನ ಜಾಗದಲ್ಲಿ. ಅರಳಿ ಹತ್ತು ಅಡಿ, ಬೇವು ಏಳು. ಊರಿನ ದಪ್ಪ ಮರ ಈಗ ಬಾಲರಾಜುವಿನ ಹುಣಸೆ. ಅವನು ಎಲ್ಲರಿಗೂ ಟೀ ತರಿಸಿದ. ನಿಜ ಹೇಳಬೇಕೆಂದರೆ ಅಷ್ಟು ರುಚಿಯಾದ ಟೀ ಅವನ ಅಂಗಡಿಯಲ್ಲಿ ನಾನು ಕುಡಿದಿರಲಿಲ್ಲ.

೧೭ ಮಾರ್ಚ್, ಸೋಮವಾರ

ಮಿಷನ್ನು ಬರಲಿಲ್ಲ. ರಾಮಾಂಜಿನೇಯ ಒಬ್ಬನೇ ಬಂದು ಕಟ್ಟೆಯ ಸುತ್ತ ಬಳಸಿ ಹೊಸ ಸುಣ್ಣದ ಗೆರೆ ಎಳೆದ. ಬೇವಿನ ಮೇಲಿದ್ದ ಪಟ್ಟಿಯನ್ನು ಪಾಲಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಪೂರ್ತಿ ಹೋಗಿಲ್ಲ, ಎರಡು ಮಳೆ ಬಂದರೆ ಹೋಗುತ್ತದೆ.

ಹೆಂಗಸರು ಇವತ್ತು ಹತ್ತಕ್ಕೆ ಬಂದರು.

೩೦ ಮಾರ್ಚ್, ಭಾನುವಾರ. ಯುಗಾದಿ

ಬೇವು ಹೂ ಬಿಟ್ಟಿದೆ. ಬೆಳಿಗ್ಗೆ ಇಡೀ ಓಣಿ ಅಲ್ಲಿಂದಲೇ ಹೂ ಬಿಡಿಸಿಕೊಂಡು ಹೋಯಿತು. ಅರಳಿಯೂ ಚಿಗುರಿದೆ, ಎಲೆ ಇನ್ನೂ ಕೆಂಪು. ನಾನು ಬೇವು ಬೆಲ್ಲ ತಿನ್ನುವಾಗ ಯಾವಾಗಲೂ ಬೆಲ್ಲವನ್ನೇ ಆರಿಸಿಕೊಳ್ಳುವವನು, ಇವತ್ತು ಬೇವನ್ನೂ ಅಗಿದೆ. ಕಹಿಯೇ. ಆದರೂ ಚೆನ್ನಾಗಿತ್ತು.

ಹತ್ತು ಗಂಟೆಗೆ ಭವ್ಯಾ ತಿದ್ದಿದ ಪಟ್ಟಿ ತಂದಳು. ಬೇವಿಗೆ ನಂಬರು ಬರೆಯಬೇಕು. ನಾನು ಬ್ರಶ್ಶು ಹಿಡಿದೆ, ಪಾಲಮ್ಮ ಬಣ್ಣದ ಡಬ್ಬಿ ಹಿಡಿದಳು.

"ಪಟ್ಟಿ ಇನ್ನೂರ ಹದಿನಾಲ್ಕಕ್ಕ ಮುಗದೈತಿ ಮಾವ," ಅಂದಳು ಭವ್ಯಾ. "ಇದಕ್ಕ ನೂರಾ ಹನ್ನೆರಡು ಎ ಅಂತ ಕೊಟ್ರ ಜೋಡಿ ಪಕ್ಕ ಪಕ್ಕ ಇರ್ತಾವ."

ಸರಿಯೆನ್ನಿಸಿತು. ಬ್ರಶ್ಶು ಅದ್ದಿದೆ.

"ಬ್ಯಾಡ," ಅಂದಳು ಪಾಲಮ್ಮ. "ಅಕಿಗೆ ಅಕಿದೇ ನಂಬರು ಇರಲಿ."

ಇನ್ನೂರ ಹದಿನೈದು ಅಂತ ಬರೆದೆ. ಅರಳಿಯ ಮೇಲಿನದಕ್ಕಿಂತ ಅಕ್ಷರ ಸ್ವಲ್ಪ ದೊಡ್ಡದೇ ಆಯಿತು.

ಪಟ್ಟಿಯ ಕೊನೆಯಲ್ಲಿ ಎಣಿಸಿದವರು ಅಂತ ಜಾಗವಿದೆ. ಸುಂಕಪ್ಪ ಅಂತ ಸಹಿ ಹಾಕಿದೆ, ಈ ಸಲ ಕೆಳಗೆ ಗೆರೆ ಎಳೆಯಲಿಲ್ಲ. ಪೆನ್ನನ್ನು ಪಾಲಮ್ಮನ ಕೈಗೆ ಕೊಟ್ಟೆ. ಹಗ್ಗಕ್ಕೆ ಎರಡು ತುದಿ ಇತ್ತಲ್ಲ.

"ನಾನ್ಯಾಕ್ರಿ?" ಅಂದಳು. ಅಂದರೂ ಸೆರಗಿಗೆ ಕೈ ಒರೆಸಿಕೊಂಡಳು. ಆಂಧ್ರದ ಸರ್ಕಾರಿ ಕಾಗದವಾದ್ದರಿಂದ ಇಡೀ ಪಟ್ಟಿ ತೆಲುಗಿನಲ್ಲಿದೆ, ಪಾಲಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ಕನ್ನಡದಲ್ಲೇ ಬರೆಯಿರಿ ಅತ್ತೆ ಅಂದಳು ಭವ್ಯಾ. ನನ್ನ ಸಹಿಯ ಕೆಳಗೆ ಒಂದೊಂದೇ ಅಕ್ಷರ ಕೂರಿಸಿ ಹೆಸರು ಬರೆದಳು. ಬರೆದು ದೂರ ಹಿಡಿದು ನೋಡಿದಳು.

"ಇದು ನಿಮ್ಮ ಸಾಲಿಗೆ ಸೇರಿಲ್ಲಲ್ರಿ?"

"ಬ್ಯಾರೆ ಸಾಲು," ಅಂದೆ.

ಮಧ್ಯಾಹ್ನ ಹೋಳಿಗೆ. ನಾನು ಉಂಡ ಮೇಲೆ ಅವಳು ಉಣ್ಣುವುದು ನಮ್ಮ ಮನೆಯ ರೂಢಿ, ಇವತ್ತು ಯಾಕೋ ಇಬ್ಬರೂ ಒಟ್ಟಿಗೆ ಕೂತೆವು. ತಟ್ಟೆ ಎರಡು. ಎಣಿಕೆ ತಪ್ಪಿಲ್ಲ.